ಕೊನೇ ರೇಸ್, ಒಂದೇ ಪಟ್ಟ: ಫಾರ್ಮುಲಾ 1 ನಿರ್ಣಾಯಕ ರೇಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷವಿಡೀ ಫಾರ್ಮುಲಾ 1 ಕಡೆ ತಿರುಗಿಯೂ ನೋಡದವರು ಡಿಸೆಂಬರ್ ಬಂತು ಅಂದರೆ ಕೇಳಲು ಶುರು ಮಾಡುತ್ತಾರೆ. "ಈ ಸಲ ಕೊನೇ ರೇಸ್‌ನಲ್ಲೇ ತೀರ್ಮಾನವಂತೆ, ನಿಜಾನಾ?" "ಮೊದಲು ಬಂದವನೇ ಚಾಂಪಿಯನ್ ಅಲ್ವಾ?" ಆಫೀಸಿನ ಊಟದ ಹೊತ್ತಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಹಳೇ ಅಭಿಮಾನಿಗಳಿಗೆ ಕೆಲವು ಉತ್ತರ ಗೊತ್ತಿರುವುದೇ. ಆದರೂ ಓದಿ, ಹಳೇ ರೇಸ್‌ಗಳನ್ನು ಮತ್ತೆ ನೆನೆಸಿಕೊಳ್ಳುವುದರಲ್ಲೂ ಒಂದು ಸುಖ ಇದೆ.

ಕೊನೇ ರೇಸ್‌ವರೆಗೂ ಪೈಪೋಟಿ ಉಳಿಯುವುದು ಅಷ್ಟು ಅಪರೂಪವಾ?

ಹೌದು, ಅಪರೂಪವೇ. 2010ರಿಂದ 2025ರವರೆಗೆ ಹದಿನಾರು ಸೀಸನ್ ನಡೆದಿವೆ. ಅದರಲ್ಲಿ ಡ್ರೈವರ್‌ಗಳ ಪಟ್ಟ ಕೊನೇ ರೇಸ್‌ನಲ್ಲಿ ತೀರ್ಮಾನ ಆಗಿದ್ದು ಆರು ಸಲ ಮಾತ್ರ: 2010, 2012, 2014, 2016, 2021, 2025. ಉಳಿದ ವರ್ಷ ಎಲ್ಲ ಮೊದಲೇ ಮುಗಿದುಹೋಗಿತ್ತು. 2023ರಲ್ಲಂತೂ ಮ್ಯಾಕ್ಸ್ ವರ್ಸ್ಟಾಪೆನ್ ಕತಾರ್‌ನಲ್ಲಿ, ಶನಿವಾರದ ಸ್ಪ್ರಿಂಟ್ ಅನ್ನುವ ಚಿಕ್ಕ ರೇಸ್‌ನಲ್ಲೇ ಚಾಂಪಿಯನ್ ಆಗಿಬಿಟ್ಟರು. ಅದಾದ ಮೇಲೂ ರೇಸ್‌ಗಳು ಬಾಕಿ ಇದ್ದವು.

ಹಾಗಾಗಿ ಇಂಥ ಭಾನುವಾರ ಸಿಕ್ಕಾಗ ಬಿಡಬೇಡಿ. ಬೇರೆ ಕೆಲಸ ಸೋಮವಾರಕ್ಕೆ ಇಟ್ಟುಕೊಳ್ಳಿ.

ಪಾಯಿಂಟ್ ಲೆಕ್ಕ ನನಗೆ ಅರ್ಥವೇ ಆಗುವುದಿಲ್ಲ. ಸುಲಭವಾಗಿ ಹೇಳ್ತೀರಾ?

ಮೊದಲು ಬಂದವನಿಗೆ 25. ಆಮೇಲೆ 18, 15, 12, 10, 8, 6, 4, 2, 1. ಹನ್ನೊಂದನೆಯವನಿಗೆ ಏನೂ ಇಲ್ಲ. 2010ರಿಂದ ಹೆಚ್ಚುಕಮ್ಮಿ ಇದೇ ಲೆಕ್ಕ. ನಡುವೆ 2019ರಿಂದ 2024ರವರೆಗೆ ಅತಿ ವೇಗದ ಲ್ಯಾಪ್ ಹಾಕಿ ಮೊದಲ ಹತ್ತರೊಳಗೆ ಬಂದವನಿಗೆ ಇನ್ನೊಂದು ಪಾಯಿಂಟ್ ಕೊಡುತ್ತಿದ್ದರು. 2025ರಲ್ಲಿ ಅದನ್ನು ತೆಗೆದರು.

ಈಗ ಒಂದು ನಿಜವಾದ ಲೆಕ್ಕ ಮಾಡೋಣ. 2025ರ ಡಿಸೆಂಬರ್ 7, ಅಬುಧಾಬಿ. ರೇಸ್‌ಗೆ ಮುಂಚೆ ಮೆಕ್ಲಾರೆನ್‌ನ ಲ್ಯಾಂಡೊ ನೋರಿಸ್ 408, ರೆಡ್ ಬುಲ್‌ನ ವರ್ಸ್ಟಾಪೆನ್ 396, ಮೆಕ್ಲಾರೆನ್‌ನ ಇನ್ನೊಬ್ಬ ಡ್ರೈವರ್ ಆಸ್ಕರ್ ಪಿಯಾಸ್ಟ್ರಿ 392. ಮೂವರಿಗೂ ಅವಕಾಶ ಇತ್ತು.

ಒಂದು ಹಾಳೆ ತೆಗೆದುಕೊಳ್ಳಿ. ವರ್ಸ್ಟಾಪೆನ್ ಗೆದ್ದರೆ 396ಕ್ಕೆ 25 ಸೇರಿ 421. ನೋರಿಸ್ ನಾಲ್ಕನೆಯವರಾಗಿ ಬಂದರೆ 408ಕ್ಕೆ 12 ಸೇರಿ 420. ಒಂದೇ ಒಂದು ಪಾಯಿಂಟ್ ಕಮ್ಮಿ! ಮೂರನೆಯವರಾಗಿ ಬಂದರೆ 15 ಸೇರಿ 423. ಅಂದರೆ ಇಡೀ ವರ್ಷದ ದುಡಿಮೆ ಕೊನೆಗೆ ಬಂದು ನಿಂತಿದ್ದು ಮೂರನೇ ಜಾಗಕ್ಕೂ ನಾಲ್ಕನೇ ಜಾಗಕ್ಕೂ ನಡುವೆ ಇದ್ದ ಆ ಮೂರು ಪಾಯಿಂಟ್ ಮೇಲೆ. ಕೊನೆಗೆ ಆಗಿದ್ದೂ ಹಾಗೇ. ವರ್ಸ್ಟಾಪೆನ್ ಮೊದಲು, ಪಿಯಾಸ್ಟ್ರಿ ಎರಡನೇದು, ನೋರಿಸ್ ಮೂರನೇದು. ಎರಡು ಪಾಯಿಂಟ್ ಅಂತರದಲ್ಲಿ ನೋರಿಸ್ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದರು. ರೇಸ್ ಗೆದ್ದವರು ಪಟ್ಟ ಕಳೆದುಕೊಂಡರು.

ಇನ್ನೊಂದು ವಿಷಯ ಹೇಳಲೇಬೇಕು. ಅದೇ ವರ್ಷ ಆಗಸ್ಟ್ ಕೊನೆಯ ಡಚ್ ರೇಸ್ ಮುಗಿದಾಗ ವರ್ಸ್ಟಾಪೆನ್ ಆಗ ಮೊದಲ ಜಾಗದಲ್ಲಿದ್ದ ಪಿಯಾಸ್ಟ್ರಿಗಿಂತ 104 ಪಾಯಿಂಟ್ ಹಿಂದೆ ಇದ್ದರು. ನಾಲ್ಕು ಗೆಲುವಿಗಿಂತ ಜಾಸ್ತಿ ಅಂತರ. ಅದನ್ನು ಎರಡಕ್ಕೆ ಇಳಿಸಿದರು. ನನಗೆ ನೋರಿಸ್ ಗೆದ್ದಿದ್ದು ಖುಷಿಯೇ, ಆದರೆ ಆ ಬೆನ್ನಟ್ಟುವಿಕೆ ಮರೆಯುವಂಥದ್ದಲ್ಲ.

ಇಬ್ಬರ ಪಾಯಿಂಟೂ ಸಮ ಆದರೆ?

ಆಗ ಯಾರು ಜಾಸ್ತಿ ರೇಸ್ ಗೆದ್ದಿದ್ದಾರೆ ಅಂತ ನೋಡುತ್ತಾರೆ. ಅದೂ ಸಮ ಆದರೆ ಎರಡನೇ ಸ್ಥಾನಗಳು, ಆಮೇಲೆ ಮೂರನೇ ಸ್ಥಾನಗಳು, ಹೀಗೇ ಕೆಳಗೆ ಹೋಗುತ್ತಾರೆ.

2021ರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪೆನ್ ಕೊನೇ ರೇಸ್‌ಗೆ ಬಂದಾಗ ಇಬ್ಬರದ್ದೂ 369.5. ಹಾಗೆ ಸಮ ಸಮ ಬಂದಿದ್ದು 1974ರ ನಂತರ ಅದೇ ಮೊದಲು. ಆದರೆ ವರ್ಸ್ಟಾಪೆನ್ ಒಂಬತ್ತು ರೇಸ್ ಗೆದ್ದಿದ್ದರು, ಹ್ಯಾಮಿಲ್ಟನ್ ಎಂಟು. ಇಬ್ಬರೂ ರೇಸ್ ಮುಗಿಸದೇ ಹೋದರೆ ಪಟ್ಟ ವರ್ಸ್ಟಾಪೆನ್‌ಗೆ. ಆ ವಾರವಿಡೀ ಜನ ಮಾತಾಡಿದ್ದೇ ಅದು, ಇಬ್ಬರೂ ಗುದ್ದಿಕೊಂಡರೆ ಏನು ಅಂತ.

ಅರ್ಧ ಪಾಯಿಂಟ್ ಎಲ್ಲಿಂದ ಬಂತು?

ಮಳೆಯಿಂದ. 2021ರ ಬೆಲ್ಜಿಯಂ ರೇಸ್ ಮಳೆಗೆ ಸರಿಯಾಗಿ ನಡೆಯಲೇ ಇಲ್ಲ, ಅಪಾಯದ ಹೊತ್ತಲ್ಲಿ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಹಿಂದೆ ಒಂದೆರಡು ಸುತ್ತು ಹಾಕಿಸಿ ಅರ್ಧ ಪಾಯಿಂಟ್ ಕೊಟ್ಟರು. ಇದಕ್ಕಿಂತ ದೊಡ್ಡ ಕಥೆ 1984ರದ್ದು. ಮೊನಾಕೊ ರೇಸ್ ಮಳೆಯಿಂದ ಅರ್ಧಕ್ಕೇ ನಿಂತಿತು, ಗೆದ್ದ ಅಲೇನ್ ಪ್ರಾಸ್ಟ್‌ಗೆ 9ರ ಬದಲು 4.5 ಸಿಕ್ಕಿತು. ಕೊನೇ ರೇಸ್ ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ. ಪ್ರಾಸ್ಟ್ ಅಲ್ಲೂ ಗೆದ್ದರು. ಆದರೆ ಹನ್ನೊಂದನೇ ಜಾಗದಿಂದ ಹೊರಟ ನಿಕಿ ಲೌಡಾ ಒಬ್ಬೊಬ್ಬರನ್ನೇ ದಾಟಿ ಎರಡನೆಯವರಾಗಿ ಬಂದರು. ಲೌಡಾ 72, ಪ್ರಾಸ್ಟ್ 71.5. ಅರ್ಧ ಪಾಯಿಂಟ್‌ನಲ್ಲಿ ಹೋದ ಪಟ್ಟ ಅದೊಂದೇ.

ರೇಸ್ ನಡೆಯುವಾಗ ಯಾರ ಕಡೆ ನೋಡಬೇಕು? ಮುಂದೆ ಇರುವವನ ಕಡೆನಾ?

ಇದೇ ನನಗೆ ತುಂಬಾ ಇಷ್ಟದ ಪ್ರಶ್ನೆ. ಮುಂದೆ ಇರುವವನ ಕಡೆ ನೋಡಬೇಡಿ. ಪಟ್ಟಕ್ಕೆ ಬೇಕಾದ ಜಾಗ ಯಾವುದು ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಆ ಜಾಗದಲ್ಲಿ ಯಾರಿದ್ದಾರೆ, ಅವನ ಹಿಂದೆ ಯಾರಿದ್ದಾರೆ, ಅದನ್ನು ನೋಡಿ. ಐದನೇ ಜಾಗ ಬೇಕಿದ್ದರೆ ಐದು ಮತ್ತು ಆರನೇ ಕಾರೇ ನಿಮ್ಮ ರೇಸ್. ಪಟ್ಟಕ್ಕೆ ಸಂಬಂಧವೇ ಇಲ್ಲದ ಡ್ರೈವರ್ ಒಬ್ಬ ಆ ಜಾಗದಲ್ಲಿ ಕೂತಿರುತ್ತಾನೆ. ವರ್ಷದ ತೀರ್ಮಾನ ಅವನ ಕೈಯಲ್ಲಿ ಇರುತ್ತದೆ.

2010ರ ಅಬುಧಾಬಿ ನೋಡಿದವರಿಗೆ ವಿಟಾಲಿ ಪೆಟ್ರೋವ್ ಹೆಸರು ಮರೆಯಲು ಸಾಧ್ಯ ಇಲ್ಲ. ಆ ಸಲ ನಾಲ್ಕು ಜನ ಪಟ್ಟದ ಲೆಕ್ಕದಲ್ಲಿದ್ದರು. ಫೆರಾರಿಯ ಫರ್ನಾಂಡೊ ಅಲೊನ್ಸೊ 246, ರೆಡ್ ಬುಲ್‌ನ ಮಾರ್ಕ್ ವೆಬ್ಬರ್ 238, ಸೆಬಾಸ್ಟಿಯನ್ ವೆಟ್ಟಲ್ 231, ಹ್ಯಾಮಿಲ್ಟನ್ 222. ಅಲೊನ್ಸೊಗೆ ನಾಲ್ಕನೇ ಜಾಗ ಸಿಕ್ಕಿದ್ದರೆ ಸಾಕಿತ್ತು. ಫೆರಾರಿಯವರ ಕಣ್ಣು ವೆಬ್ಬರ್ ಮೇಲೆ. ವೆಬ್ಬರ್ ಟೈರ್ ಬದಲಿಸಲು ಬೇಗ ಪಿಟ್‌ಗೆ ಬಂದರು ಅಂತ ಅಲೊನ್ಸೊರನ್ನೂ ಬೇಗ ಕರೆದರು. ಹೊಸ ಟೈರ್ ಹಾಕಿಕೊಂಡು ಹೊರಗೆ ಬಂದರೆ ಮುಂದೆ ರೆನೋ ಕಾರಿನ ಪೆಟ್ರೋವ್. ರೇಸ್ ಶುರುವಾದ ಸ್ವಲ್ಪ ಹೊತ್ತಿಗೇ ಸೇಫ್ಟಿ ಕಾರ್ ಬಂದಾಗ ಟೈರ್ ಬದಲಿಸಿಬಿಟ್ಟಿದ್ದ, ಇನ್ನು ಅವನು ಪಿಟ್‌ಗೆ ಹೋಗಬೇಕಾಗೇ ಇರಲಿಲ್ಲ.

ಆಮೇಲೆ ಸುಮಾರು ನಲವತ್ತು ಸುತ್ತು. ಅಲೊನ್ಸೊ ಅವನ ಬೆನ್ನಿಗೇ ಅಂಟಿಕೊಂಡಿದ್ದರು. ಉದ್ದನೆಯ ನೇರ ರಸ್ತೆಯ ಕೊನೆಯಲ್ಲಿ ಪ್ರತಿ ಸಲವೂ ಕೆಂಪು ಕಾರು ಹತ್ತಿರ ಬರುವುದು, ಬ್ರೇಕ್ ಹಾಕುವಾಗ ಮತ್ತೆ ಹಿಂದೆ ಬೀಳುವುದು. ನಾನು ಎಣಿಸುತ್ತಾ ಕೂತಿದ್ದೆ. ಇಪ್ಪತ್ತು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಪೆಟ್ರೋವ್ ಒಂದು ತಪ್ಪನ್ನೂ ಮಾಡಲಿಲ್ಲ. ಅಲೊನ್ಸೊ ಏಳನೆಯವರಾಗಿ ಮುಗಿಸಿದರು. ಅದುವರೆಗೆ ವರ್ಷದಲ್ಲಿ ಒಂದು ದಿನವೂ ಪಾಯಿಂಟ್ ಪಟ್ಟಿಯ ಮೊದಲ ಜಾಗದಲ್ಲಿ ಕೂರದಿದ್ದ ವೆಟ್ಟಲ್ ರೇಸ್ ಗೆದ್ದು, 23ನೇ ವಯಸ್ಸಿಗೆ ಚಾಂಪಿಯನ್ ಆದರು. ಕೊನೆಯ ಲೆಕ್ಕ 256–252.

2008ರ ಬ್ರೆಜಿಲ್ ರೇಸ್ ಬಗ್ಗೆ ಎಲ್ಲರೂ ಇಷ್ಟೊಂದು ಮಾತಾಡುವುದು ಯಾಕೆ?

ಯಾಕೆಂದರೆ ಅಂಥದ್ದು ಮತ್ತೆ ಆಗಿಲ್ಲ. ನವೆಂಬರ್ 2, ಸಾವೊ ಪೌಲೊದ ಇಂಟರ್‌ಲಾಗೋಸ್. ಆಗ ಗೆದ್ದವನಿಗೆ 10 ಪಾಯಿಂಟ್, ಐದನೆಯವನಿಗೆ 4. ಮೆಕ್ಲಾರೆನ್‌ನ ಹ್ಯಾಮಿಲ್ಟನ್ 94, ಫೆರಾರಿಯ ಫೆಲಿಪೆ ಮಾಸ್ಸಾ 87. ಮಾಸ್ಸಾ ಗೆದ್ದರೂ ಹ್ಯಾಮಿಲ್ಟನ್‌ಗೆ ಐದನೇ ಜಾಗ ಸಿಕ್ಕರೆ ಸಾಕು. ಮಾಸ್ಸಾ ಅದೇ ಊರಿನವರು. ಸ್ಟ್ಯಾಂಡ್ ತುಂಬ ಅವರದೇ ಜನ.

ನಮ್ಮಲ್ಲಿ ಅದು ರಾತ್ರಿ ಹತ್ತೂವರೆಯ ರೇಸ್. ಅಲ್ಲಿ ಮಳೆ ಬಂದು ಹತ್ತು ನಿಮಿಷ ತಡವಾಗಿ ಶುರುವಾಯಿತು. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಟಿವಿ ಸದ್ದು ಪೂರ್ತಿ ಇಳಿಸಿ, ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದೆ. ಗೋಡೆಯ ಕ್ಯಾಲೆಂಡರಿನಿಂದ ಅಕ್ಟೋಬರ್ ಹಾಳೆ ಹರಿದು, ಅದರ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಬರೆದಿದ್ದೆ. "ಹ್ಯಾ 5 = ಸಾಕು. ಹ್ಯಾ 6 = ಮಾಸ್ಸಾ." ಅಷ್ಟೇ.

ರೇಸ್ 71 ಸುತ್ತಿನದು. ಕೊನೆಯ ಕೆಲವೇ ಸುತ್ತು ಇರುವಾಗ ಮತ್ತೆ ಮಳೆ. ಹ್ಯಾಮಿಲ್ಟನ್ ಮತ್ತು ಇನ್ನೂ ಹಲವರು ಮಳೆ ಟೈರ್ ಹಾಕಿಸಿಕೊಳ್ಳಲು ಪಿಟ್‌ಗೆ ಹೋದರು. ಟೊಯೋಟಾದ ಟಿಮೊ ಗ್ಲಾಕ್ ಹೋಗಲಿಲ್ಲ. ಒಣ ಟೈರ್‌ನಲ್ಲೇ ಉಳಿದರು, ಹಾಗಾಗಿ ಮುಂದೆ ಬಂದರು. ಆಮೇಲೆ ಟೊರೊ ರೊಸ್ಸೊದ ವೆಟ್ಟಲ್ ಹ್ಯಾಮಿಲ್ಟನ್‌ರನ್ನು ದಾಟಿಬಿಟ್ಟರು. ಹ್ಯಾಮಿಲ್ಟನ್ ಆರನೇ ಜಾಗಕ್ಕೆ ಬಿದ್ದರು. ನನ್ನ ಹಾಳೆಯ ಎರಡನೇ ಸಾಲು ನಿಜವಾಗಿತ್ತು.

ಮಾಸ್ಸಾ ಗೆದ್ದು ಗೆರೆ ದಾಟಿದರು. ಫೆರಾರಿ ಗ್ಯಾರೇಜ್‌ನಲ್ಲಿ ಅವರ ಮನೆಯವರು ತಬ್ಬಿಕೊಂಡು ಕುಣಿಯುತ್ತಿದ್ದರು. ಆ ಹೊತ್ತಿನಲ್ಲಿ ಮಾಸ್ಸಾ ವಿಶ್ವ ಚಾಂಪಿಯನ್. ಆದರೆ ಹಿಂದೆ ಒಣ ಟೈರ್‌ನ ಗ್ಲಾಕ್ ಒದ್ದೆ ರಸ್ತೆಯಲ್ಲಿ ಜಾರುತ್ತಾ, ತೆವಳುತ್ತಾ ಬರುತ್ತಿದ್ದರು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಹ್ಯಾಮಿಲ್ಟನ್ ಅವರನ್ನು ದಾಟಿದರು. ಮಾಸ್ಸಾ ಗೆರೆ ದಾಟಿ ಸುಮಾರು 39 ಸೆಕೆಂಡ್ ಆದ ಮೇಲೆ ಹ್ಯಾಮಿಲ್ಟನ್ ಐದನೆಯವರಾಗಿ ಬಂದರು. 98–97. ನಾನು ಬಾಯಿ ಮುಚ್ಚಿಕೊಂಡೇ ಕೂಗಿದೆ. ಆದರೂ ಅಪ್ಪ ಎದ್ದು ಬಂದು "ಏನಾಯ್ತೋ?" ಅಂದರು. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ, ಹಾಳೆ ತೋರಿಸಿದೆ.

ಗ್ಲಾಕ್ ಬೇಕಂತಲೇ ಬಿಟ್ಟುಕೊಟ್ಟರು ಅಂತ ಆಗ ಕೆಲವರು ಆರೋಪ ಮಾಡಿದರು. ಅದು ತಪ್ಪು. ಒಣ ಟೈರ್‌ನಲ್ಲಿ ನೀರಿನ ಮೇಲೆ ಕಾರು ನಿಲ್ಲುವುದೇ ಇಲ್ಲ, ಕಾರಿನೊಳಗಿನ ಕ್ಯಾಮೆರಾ ದೃಶ್ಯ ನೋಡಿದರೆ ಗೊತ್ತಾಗುತ್ತದೆ. ಸ್ಟೀರಿಂಗ್ ಜೊತೆ ಅವರು ಗುದ್ದಾಡುತ್ತಿದ್ದರು.

ಟೈರ್, ಪಿಟ್ ಸ್ಟಾಪ್ ಇವೆಲ್ಲ ಅಷ್ಟು ಮುಖ್ಯಾನಾ?

ತುಂಬಾ. ಒಣ ರೇಸ್‌ನಲ್ಲಿ ಕಮ್ಮಿ ಅಂದರೂ ಎರಡು ಬಗೆಯ ಟೈರ್ ಬಳಸಲೇಬೇಕು. ಕೆಂಪು ಗೆರೆಯದ್ದು ಸಾಫ್ಟ್: ಹಿಡಿತ ಜಾಸ್ತಿ, ಬೇಗ ಸವೆಯುತ್ತದೆ. ಹಳದಿ ಮೀಡಿಯಂ. ಬಿಳಿ ಹಾರ್ಡ್: ನಿಧಾನ, ಆದರೆ ಬಾಳಿಕೆ ಬರುತ್ತದೆ. ಹಸಿರು ಸ್ವಲ್ಪ ಮಳೆಗೆ, ನೀಲಿ ಜೋರು ಮಳೆಗೆ. ಟೈರ್ ಬದಲಿಸಲು ಕಾರು ನಿಲ್ಲುವುದು ಎರಡು ಮೂರು ಸೆಕೆಂಡ್ ಮಾತ್ರ. ಆದರೆ ಪಿಟ್ ಲೇನ್‌ನಲ್ಲಿ ನಿಧಾನವಾಗಿ ಹೋಗಬೇಕು, ಹಾಗಾಗಿ ಒಟ್ಟು ನಷ್ಟ ಇಪ್ಪತ್ತು ಸೆಕೆಂಡ್ ದಾಟುತ್ತದೆ.

1986ರ ಅಡಿಲೇಡ್ ಈ ಪ್ರಶ್ನೆಗೆ ಸರಿಯಾದ ಉತ್ತರ. ನೈಜಲ್ ಮ್ಯಾನ್ಸೆಲ್‌ಗೆ ಮೂರನೇ ಜಾಗ ಬೇಕಿತ್ತು. ಅವರು ಮೂರನೆಯವರಾಗಿಯೇ ಓಡುತ್ತಿದ್ದರು. 82 ಸುತ್ತಿನ ರೇಸ್‌ನ 64ನೇ ಸುತ್ತಿನಲ್ಲಿ, ಕಾರು ಪೂರ್ತಿ ವೇಗದಲ್ಲಿ ಇರುವಾಗ ಎಡಗಡೆಯ ಹಿಂದಿನ ಟೈರ್ ಸಿಡಿಯಿತು. ಕಿಡಿ ಹಾರಿಸುತ್ತಾ, ಅಲುಗಾಡುತ್ತಾ ಹೋದ ಆ ಕಾರನ್ನು ಗೋಡೆಗೆ ಗುದ್ದದ ಹಾಗೆ ಹಿಡಿದು ನಿಲ್ಲಿಸಿದ್ದೇ ದೊಡ್ಡ ವಿಷಯ. ಹೆದರಿದ ಟೀಮ್ ತನ್ನ ಇನ್ನೊಬ್ಬ ಡ್ರೈವರ್ ನೆಲ್ಸನ್ ಪಿಕೆಯನ್ನೂ ಟೈರ್ ಬದಲಿಸಲು ಕರೆಯಿತು. ಪಟ್ಟ ಪ್ರಾಸ್ಟ್ ಪಾಲಾಯಿತು. ಅದೇ ಪ್ರಾಸ್ಟ್, ಎರಡು ವರ್ಷ ಹಿಂದೆ ಅರ್ಧ ಪಾಯಿಂಟ್‌ನಲ್ಲಿ ಸೋತವರು.

ಸೇಫ್ಟಿ ಕಾರ್ ಬಂದರೆ ಏನಾಗುತ್ತದೆ? 2021ರಲ್ಲಿ ನಿಜಕ್ಕೂ ಆಗಿದ್ದೇನು?

ಅಪಘಾತ ಆದಾಗ ಸೇಫ್ಟಿ ಕಾರ್ ಮುಂದೆ ಬರುತ್ತದೆ. ಎಲ್ಲರೂ ಅದರ ಹಿಂದೆ ಸಾಲಾಗಿ ನಿಧಾನವಾಗಿ ಹೋಗಬೇಕು. ಕಷ್ಟಪಟ್ಟು ಕಟ್ಟಿದ ಅಂತರ ಎಲ್ಲ ಮಾಯ. ಆ ಹೊತ್ತಿನಲ್ಲಿ ಪಿಟ್‌ಗೆ ಹೋದರೆ ಕಳೆದುಕೊಳ್ಳುವ ಸಮಯವೂ ಕಮ್ಮಿ, ಯಾಕೆಂದರೆ ಉಳಿದವರೂ ನಿಧಾನ ಇರುತ್ತಾರೆ.

2021ರ ಡಿಸೆಂಬರ್ 12. 58 ಸುತ್ತಿನ ರೇಸ್‌ನಲ್ಲಿ ಹ್ಯಾಮಿಲ್ಟನ್ ಆರಾಮಾಗಿ ಮುಂದಿದ್ದರು. ಐದಾರು ಸುತ್ತು ಬಾಕಿ ಇರುವಾಗ ವಿಲಿಯಮ್ಸ್‌ನ ನಿಕೊಲಸ್ ಲತೀಫಿ ಗೋಡೆಗೆ ಗುದ್ದಿದರು. ಸೇಫ್ಟಿ ಕಾರ್ ಬಂತು. ವರ್ಸ್ಟಾಪೆನ್ ಪಿಟ್‌ಗೆ ಹೋಗಿ ಹೊಸ ಸಾಫ್ಟ್ ಟೈರ್ ಹಾಕಿಸಿಕೊಂಡರು. ಮುಂದೆ ಇದ್ದ ಹ್ಯಾಮಿಲ್ಟನ್ ಪಿಟ್‌ಗೆ ಹೋದರೆ ಮೊದಲ ಜಾಗ ಹೋಗುವ ಭಯ, ಹಾಗಾಗಿ ಹಳೇ ಹಾರ್ಡ್ ಟೈರ್‌ನಲ್ಲೇ ಉಳಿದರು. ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದಿದ್ದ ಐದು ಕಾರುಗಳಿದ್ದವು. ರೇಸ್ ಡೈರೆಕ್ಟರ್ ಮೈಕಲ್ ಮಾಸಿ ಆ ಐದನ್ನು ಮಾತ್ರ ಮುಂದೆ ಕಳಿಸಿದರು. ಹಾಗೆ ಹಿಂದೆ ಬಿದ್ದಿದ್ದ ಉಳಿದ ಕಾರುಗಳನ್ನು ಬಿಡಲಿಲ್ಲ. ಕೊನೆಯ ಒಂದೇ ಸುತ್ತಿಗೆ ರೇಸ್ ಮತ್ತೆ ಶುರು. ಐದನೇ ತಿರುವಿನಲ್ಲಿ ವರ್ಸ್ಟಾಪೆನ್ ಒಳಗಡೆಯಿಂದ ನುಗ್ಗಿದರು. ಮುಗಿಯಿತು.

ಹ್ಯಾಮಿಲ್ಟನ್ ಅವರ ಮರ್ಸಿಡಿಸ್ ಟೀಮ್ ಅವತ್ತೇ ದೂರು ಕೊಟ್ಟಿತು, ರೇಸ್ ತೀರ್ಪುಗಾರರಾದ ಸ್ಟೀವರ್ಡ್‌ಗಳು ತಳ್ಳಿಹಾಕಿದರು. ಮುಂದಿನ ವರ್ಷ ಈ ಕ್ರೀಡೆಯ ಆಡಳಿತ ಸಂಸ್ಥೆ ಫಿಯಾ ತನ್ನ ವರದಿಯಲ್ಲಿ ಮನುಷ್ಯರ ತಪ್ಪು ನಡೆದಿದೆ, ಆದರೆ ಫಲಿತಾಂಶ ಊರ್ಜಿತ ಎಂದಿತು. ಮಾಸಿ ಅವರನ್ನು ಆ ಜಾಗದಿಂದ ತೆಗೆದಿದ್ದರು. ನನ್ನ ಅನಿಸಿಕೆ ಕೇಳಿದರೆ, ವರ್ಸ್ಟಾಪೆನ್ ತಪ್ಪು ಇದರಲ್ಲಿ ಒಂದಿಷ್ಟೂ ಇಲ್ಲ, ಸಿಕ್ಕ ಅವಕಾಶದಲ್ಲಿ ಮಾಡಬೇಕಾದ್ದನ್ನು ಮಾಡಿದರು. ಆದರೆ ಹ್ಯಾಮಿಲ್ಟನ್‌ಗೆ ಅನ್ಯಾಯ ಆಯಿತು. ಎಂಟನೇ ಪಟ್ಟ ಅವರ ಕೈಯಲ್ಲಿತ್ತು.

ಟೀಮಿನ ಇನ್ನೊಬ್ಬ ಡ್ರೈವರ್ ಸಹಾಯ ಮಾಡಬಹುದಾ?

ಮಾಡಬಹುದು, ಮಾಡುತ್ತಾರೆ. ಅದೇ 2021ರ ರೇಸ್‌ನಲ್ಲಿ ಸೆರ್ಜಿಯೊ ಪೆರೆಜ್ ಹಳೇ ಟೈರ್‌ನಲ್ಲಿ ಹ್ಯಾಮಿಲ್ಟನ್‌ರನ್ನು ತಡೆದು ನಿಲ್ಲಿಸಿದ ರೀತಿ ನೋಡಬೇಕು. ಹ್ಯಾಮಿಲ್ಟನ್ ದಾಟಿದರೆ ಪೆರೆಜ್ ಮತ್ತೆ ದಾಟುವುದು. ಅಷ್ಟರಲ್ಲಿ ವರ್ಸ್ಟಾಪೆನ್ ಹಲವು ಸೆಕೆಂಡ್ ಹತ್ತಿರ ಬಂದಿದ್ದರು. ನಿಯಮದೊಳಗೇ ಮಾಡಿದ ಸೊಗಸಾದ ಕೆಲಸ ಅದು. 2025ರಲ್ಲಿ ವರ್ಸ್ಟಾಪೆನ್ ಜೊತೆಗಾರ ಯುಕಿ ಸುನೋಡಾ ನೋರಿಸ್‌ರನ್ನು ತಡೆಯಲು ಹೋಗಿ ಅತ್ತಿತ್ತ ಓಡಿಸಿದ್ದಕ್ಕೆ ಐದು ಸೆಕೆಂಡ್ ದಂಡ ಹಾಕಿಸಿಕೊಂಡರು.

ಟೀಮ್‌ಮೇಟ್‌ಗಳೇ ಎದುರಾಳಿಗಳಾದರೆ ಮಾತ್ರ ಬೇರೆ ಕಥೆ. 2016ರಲ್ಲಿ ಮರ್ಸಿಡಿಸ್‌ನ ನಿಕೊ ರೋಸ್‌ಬರ್ಗ್ 12 ಪಾಯಿಂಟ್ ಮುಂದೆ. ಪೋಡಿಯಂ, ಅಂದರೆ ಮೊದಲ ಮೂರರೊಳಗಿನ ಜಾಗ ಸಿಕ್ಕರೆ ಪಟ್ಟ. ಮುಂದೆ ಇದ್ದ ಹ್ಯಾಮಿಲ್ಟನ್ ಬೇಕಂತಲೇ ನಿಧಾನ ಮಾಡಿದರು, ಹಿಂದಿನಿಂದ ವೆಟ್ಟಲ್ ಮತ್ತು ವರ್ಸ್ಟಾಪೆನ್ ಬಂದು ರೋಸ್‌ಬರ್ಗ್‌ರನ್ನು ನುಂಗಲಿ ಅಂತ. ವೇಗ ಹೆಚ್ಚಿಸು ಅಂತ ಟೀಮ್ ರೇಡಿಯೊದಲ್ಲಿ ಹೇಳಿದರೂ ಕೇಳಲಿಲ್ಲ. ರೋಸ್‌ಬರ್ಗ್ ಅಲುಗಾಡದೆ ಎರಡನೇ ಜಾಗ ಹಿಡಿದುಕೊಂಡರು. ಐದು ಪಾಯಿಂಟ್‌ನಲ್ಲಿ ಚಾಂಪಿಯನ್ ಆದರು. ಐದು ದಿನ ಬಿಟ್ಟು ರೇಸಿಂಗ್‌ಗೇ ವಿದಾಯ ಹೇಳಿದರು.

ಎದುರಾಳಿಗೆ ಬೇಕಂತಲೇ ಗುದ್ದಿದರೆ?

ಮೈಕಲ್ ಶುಮಾಕರ್ ಹೆಸರು ಇಲ್ಲಿ ಎರಡು ಸಲ ಬರುತ್ತದೆ. 1994ರಲ್ಲಿ ಅಡಿಲೇಡ್‌ನಲ್ಲಿ ಡೇಮನ್ ಹಿಲ್‌ಗಿಂತ ಒಂದು ಪಾಯಿಂಟ್ ಮುಂದಿದ್ದರು. ಇಬ್ಬರ ಕಾರು ಡಿಕ್ಕಿಯಾಗಿ ಇಬ್ಬರೂ ಹೊರಬಿದ್ದರು, ಶುಮಾಕರ್ ಚಾಂಪಿಯನ್. ಯಾವ ದಂಡವೂ ಆಗಲಿಲ್ಲ. 1997ರಲ್ಲಿ ಸ್ಪೇನ್‌ನ ಹೆರೆಸ್‌ನಲ್ಲಿ ಮತ್ತೆ ಒಂದೇ ಪಾಯಿಂಟ್ ಮುಂದೆ. ಜಾಕ್ ವಿಲ್‌ನವ್ ಒಳಗಡೆಯಿಂದ ದಾಟುವಾಗ ಅವರ ಕಡೆಗೇ ತಿರುಗಿಸಿದರು. ಈ ಸಲ ಶುಮಾಕರ್ ಕಾರು ಮಾತ್ರ ಕಲ್ಲುಪುಡಿಯಲ್ಲಿ ಹೂತುಕೊಂಡಿತು. ವಿಲ್‌ನವ್ ಮೂರನೆಯವರಾಗಿ ಬಂದು ಪಟ್ಟ ಗೆದ್ದರು. ಶುಮಾಕರ್ ಹೆಸರನ್ನು ಆ ವರ್ಷದ ಪಟ್ಟಿಯಿಂದಲೇ ತೆಗೆದುಹಾಕಿದರು.

ಕೊನೇ ರೇಸ್ ಯಾವಾಗಲೂ ಅಬುಧಾಬಿಯಲ್ಲೇ ಯಾಕೆ? ನಮ್ಮ ಟೈಮ್‌ಗೆ ಎಷ್ಟು ಗಂಟೆಗೆ?

ಯಾವಾಗಲೂ ಅಲ್ಲ. ಮೊದಲು ಬ್ರೆಜಿಲ್, ಅದಕ್ಕೂ ಮುಂಚೆ ಜಪಾನ್, ಆಸ್ಟ್ರೇಲಿಯಾ ಎಲ್ಲ ಕಡೆ ಆಗಿದೆ. 2014ರಿಂದ 2025ರವರೆಗೆ ಮಾತ್ರ ಪ್ರತಿ ವರ್ಷ ಅಬುಧಾಬಿಯ ಯಾಸ್ ಮರೀನಾದಲ್ಲೇ. ಅಲ್ಲಿ ಸಂಜೆ ಐದಕ್ಕೆ ಶುರು, ನಮಗೆ ಸಂಜೆ ಆರೂವರೆ. ಬ್ರೆಜಿಲ್ ಕಾಲದಲ್ಲಿ ನಿದ್ದೆಗೆಟ್ಟು ನೋಡಿದವರಿಗೆ ಇದೊಂದು ದೊಡ್ಡ ಉಪಕಾರ. ದೀಪ ಹಚ್ಚುವ ಹೊತ್ತಿಗೆ ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ. ದುಬೈ, ಅಬುಧಾಬಿಯಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯ ಅಭಿಮಾನಿಗಳಿಗೆ ಟ್ರ್ಯಾಕ್ ಬಸ್ಸಿನ ದೂರದಲ್ಲಿದೆ.

ಸೂರ್ಯ ಇರುವಾಗ ಶುರುವಾಗಿ ದೀಪದ ಬೆಳಕಲ್ಲಿ ಮುಗಿಯುವ ರೇಸ್ ಇದು. ಕತ್ತಲಾದ ಹಾಗೆ ಟ್ರ್ಯಾಕ್ ತಣ್ಣಗಾಗುತ್ತದೆ, ಟೈರ್ ನಡವಳಿಕೆಯೂ ಬದಲಾಗುತ್ತದೆ.

ಶುಕ್ರವಾರ, ಶನಿವಾರವೂ ನೋಡಬೇಕಾ?

ಶುಕ್ರವಾರ ಬಿಟ್ಟರೂ ನಡೆಯುತ್ತದೆ. ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಶನಿವಾರದ ಕ್ವಾಲಿಫೈಯಿಂಗ್ ಮಾತ್ರ ಬಿಡಬೇಡಿ. 2015ರಿಂದ 2025ರವರೆಗೆ ಅಬುಧಾಬಿಯಲ್ಲಿ ಪ್ರತಿ ಸಲವೂ ಪೋಲ್‌ನಿಂದ, ಅಂದರೆ ಮೊದಲ ಜಾಗದಿಂದ ಹೊರಟವನೇ ಗೆದ್ದಿದ್ದಾನೆ. ಹನ್ನೊಂದಕ್ಕೆ ಹನ್ನೊಂದು. ನಿಮ್ಮ ಡ್ರೈವರ್ ಗೆಲ್ಲಲೇಬೇಕು ಅನ್ನುವ ಸ್ಥಿತಿ ಇದ್ದರೆ, ಶನಿವಾರ ರಾತ್ರಿಗೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಭಾರತದಲ್ಲಿ ಎಂದಾದರೂ ಪಟ್ಟ ತೀರ್ಮಾನ ಆಗಿದೆಯಾ? ನಮ್ಮ ಬೆಂಗಳೂರಿಗೆ ಏನಾದರೂ ಸಂಬಂಧ?

ಆಗಿದೆ! ಕೊನೇ ರೇಸ್ ಅಲ್ಲ, ಆದರೆ ಪಟ್ಟ ಅಲ್ಲೇ ಸಿಕ್ಕಿತು. 2013ರ ಅಕ್ಟೋಬರ್ 27, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್. ವೆಟ್ಟಲ್ ಗೆದ್ದು ಸತತ ನಾಲ್ಕನೇ ಪಟ್ಟ ಹಿಡಿದರು. ಸ್ಟ್ಯಾಂಡ್ ಎದುರಿಗೇ ಕಾರನ್ನು ಗರಗರ ತಿರುಗಿಸಿ, ಹೊಗೆ ಎಬ್ಬಿಸಿ, ಇಳಿದು ಬಂದು ಕಾರಿನ ಮುಂದೆ ತಲೆಬಾಗಿ ನಮಸ್ಕಾರ ಮಾಡಿದರು. ನಿಯಮ ಮೀರಿದ್ದಕ್ಕೆ ಟೀಮ್‌ಗೆ 25,000 ಯೂರೋ ದಂಡ ಬಿತ್ತು. ಆಯುಧಪೂಜೆ ಮುಗಿದು ಇನ್ನೂ ಸ್ವಲ್ಪ ದಿನ ಆಗಿತ್ತಷ್ಟೆ. ಕಾರಿಗೆ ಕೈಮುಗಿಯುವುದು ನಮಗೇನೂ ಹೊಸದಲ್ಲವಲ್ಲ, ಅದನ್ನು ನೋಡಿ ಮನಸ್ಸು ತುಂಬಿಬಂತು. ಅದೇ ಅಲ್ಲಿನ ಕೊನೇ ರೇಸ್ ಆಗಿಹೋಯಿತು, ಆಮೇಲೆ ಫಾರ್ಮುಲಾ 1 ಭಾರತಕ್ಕೆ ಬಂದಿಲ್ಲ.

ಬೆಂಗಳೂರಿನ ವಿಷಯಕ್ಕೆ ಬಂದರೆ, 2011ರಲ್ಲಿ ಹ್ಯಾಮಿಲ್ಟನ್ ನೈಸ್ ರಸ್ತೆಯಲ್ಲಿ ಮೆಕ್ಲಾರೆನ್ ಕಾರು ಓಡಿಸಿ ತೋರಿಸಿದ್ದರು. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಟೀಮ್ 2008ರಿಂದ 2018ರವರೆಗೆ ಫಾರ್ಮುಲಾ 1ರಲ್ಲಿತ್ತು. ಈಗ ಬೆಂಗಳೂರಿನ ಹುಡುಗ ಕುಶ್ ಮೈನಿ ಇದ್ದಾನೆ. 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 (ಫಾರ್ಮುಲಾ 1ರ ಕೆಳಗಿನ ಹಂತ) ಸ್ಪ್ರಿಂಟ್ ರೇಸ್ ಗೆದ್ದ. ಆ ಇಕ್ಕಟ್ಟಾದ ಬೀದಿಗಳಲ್ಲಿ ನಮ್ಮ ರಾಷ್ಟ್ರಗೀತೆ ಕೇಳಿದಾಗ ಮೈ ಜುಮ್ ಅಂದಿತ್ತು.

ಟೀಮ್‌ಗಳಿಗೂ ಬೇರೆ ಪಟ್ಟ ಇದೆಯಂತಲ್ಲ?

ಇದೆ. ಇಬ್ಬರು ಡ್ರೈವರ್‌ಗಳ ಪಾಯಿಂಟ್ ಸೇರಿಸಿ ಕೊಡುತ್ತಾರೆ. 2024ರಲ್ಲಿ ಡ್ರೈವರ್ ಪಟ್ಟ ಮೊದಲೇ ತೀರ್ಮಾನ ಆಗಿದ್ದರೂ ಟೀಮ್ ಪಟ್ಟ ಅಬುಧಾಬಿಯವರೆಗೆ ಬಂದಿತ್ತು. ಮೆಕ್ಲಾರೆನ್ 666, ಫೆರಾರಿ 652. ಮೆಕ್ಲಾರೆನ್‌ಗೆ 1998ರ ನಂತರ ಸಿಕ್ಕಿದ್ದು.

ಮನೆಯವರನ್ನು ಮೊದಲ ಸಲ ಕೂರಿಸಿಕೊಂಡು ನೋಡುವುದು ಹೇಗೆ?

ನಿಯಮ ಎಲ್ಲ ಹೇಳಲು ಹೋಗಬೇಡಿ, ಬೇಜಾರಾಗಿ ಎದ್ದು ಹೋಗುತ್ತಾರೆ. ಒಂದು ಹಾಳೆ ಕೊಡಿ. ಯಾರಿಗೆ ಯಾವ ಜಾಗ ಬೇಕು ಅನ್ನುವುದನ್ನು ಎರಡೇ ಸಾಲಲ್ಲಿ ಬರೆದುಕೊಡಿ. ಟಿವಿಯ ಎಡಗಡೆ ಹೆಸರುಗಳ ಪಟ್ಟಿ ಬರುತ್ತಿರುತ್ತದೆ, ಅದನ್ನು ನೋಡುತ್ತಾ ಹಾಳೆ ನೋಡಿದರೆ ಆಯಿತು. ನಮ್ಮಮ್ಮ 2025ರಲ್ಲಿ ಹೀಗೇ ನೋಡಿದರು. ನೋರಿಸ್ ಹೆಸರು ಅಂತ ಗೊತ್ತಿಲ್ಲ, "ಆ ಮೂರನೆಯವನು" ಅಂತಲೇ ಕರೆಯುತ್ತಿದ್ದರು. ಕೊನೇ ಹತ್ತು ಸುತ್ತು ಅಡುಗೆಮನೆಗೆ ಹೋಗಲೇ ಇಲ್ಲ.

ಧ್ವಜ ಬೀಸಿದ ಮೇಲೆ ಟಿವಿ ಆರಿಸಬಹುದಾ?

ಬೇಡ. ಒಂದು, ಸ್ಟೀವರ್ಡ್‌ಗಳ ವಿಚಾರಣೆ ಬಾಕಿ ಇರಬಹುದು. 2021ರಲ್ಲಿ ದೂರುಗಳ ತೀರ್ಪು ಬರುವಷ್ಟರಲ್ಲಿ ತುಂಬಾ ರಾತ್ರಿಯಾಗಿತ್ತು. ಎರಡನೇದು, ಅವತ್ತು ಪಟ್ಟ ಕಳೆದುಕೊಂಡವನನ್ನೂ ನೋಡಬೇಕು.

2008ರ ಆ ರಾತ್ರಿ ಅಪ್ಪ ಹಾಳೆ ನೋಡಿ ಮುಗಿಸುವ ಹೊತ್ತಿಗೆ ಮಾಸ್ಸಾ ಪೋಡಿಯಂ ಮೇಲೆ ಬಂದಿದ್ದರು. ರೇಸ್ ಗೆದ್ದಿದ್ದರಿಂದ ನಡುವಿನ ಎತ್ತರದ ಜಾಗ ಅವರದೇ. ಮೈಯೆಲ್ಲ ಒದ್ದೆ, ಕಣ್ಣಲ್ಲಿ ನೀರು. ಕೆಳಗೆ ಅವರ ಊರಿನ ಜನ ಅಳುತ್ತಿದ್ದರು. ಮಾಸ್ಸಾ ಮುಖ ಮುಚ್ಚಿಕೊಳ್ಳಲಿಲ್ಲ. ಜನರ ಕಡೆ ನೋಡುತ್ತಾ, ಬಲಗೈಯಿಂದ ತಮ್ಮ ಎದೆಯನ್ನು ತಟ್ಟಿಕೊಂಡರು, ಮತ್ತೆ ಮತ್ತೆ. ಅಪ್ಪ ಅಲ್ಲೇ ಚಾಪೆಯ ಮೇಲೆ ಕೂತರು. "ಇವನೇ ಗೆದ್ದಿದ್ದಲ್ವಾ?" ಅಂತ ಕೇಳಿದರು. ಹೌದು ಅಂದೆ.